ಬಾರದ ಲಕ್ಷಕ್ಕೆ ಕಟ್ಟಿದ ಸಾವಿರ

ಕೊಳವೆಬಾವಿ ಕೊರೆಸಿದ ಅನುಭವವಿರುವ ರೈತ ಬಾಂಧವರಿಗೆ ಈ ಪ್ರಸಂಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂರು ಅಡಿ ಇಳಿದಿದೆ, ಬೂದಿಯಂಥ ಒಣ ಪುಡಿಯೇ ಮೇಲೆ ಹಾರುತ್ತಿದೆ. ಐನೂರಾಯಿತು, ಆರುನೂರಾಯಿತು. ಗಾಡಿಯವನು ಅಂಗೈಯಲ್ಲಿ ಪುಡಿ ಹಿಡಿದು ತೋರಿಸಿ, "ಕಲ್ಲಿನ ಬಣ್ಣ ತಿರುಗೈತೆ ಯಜಮಾನ್ರೇ, ಇನ್ನೊಂದು ನೂರಡಿ ನೋಡಿಬಿಡಣ" ಎನ್ನುತ್ತಾನೆ. ಇಲ್ಲಿಗೇ ನಿಲ್ಲಿಸಿದರೆ ಇದುವರೆಗೆ ಸುರಿದ ಹಣವೆಲ್ಲ ಮಣ್ಣುಪಾಲು. ಇನ್ನು ನೂರಡಿ ಇಳಿಸಿದರೆ ನೀರು ಬಂದರೂ ಬಂದೀತು. ಹೀಗೆ ಹಿಂದಿನ ಖರ್ಚೇ ಮುಂದಿನ ಖರ್ಚಿಗೆ ಕಾರಣವಾಗುತ್ತ ಹೋಗುತ್ತದೆ. ಬಾವಿಯ ಪಕ್ಕದಲ್ಲಿ ನಿಂತವನ ಬಾಯಿಂದ ಸಾಕು ಎಂಬ ಮಾತು ಸುಲಭಕ್ಕೆ ಹೊರಡುವುದಿಲ್ಲ.

ಇ-ಮೇಲ್‌ನಲ್ಲಿ ಮತ್ತು ಮೊಬೈಲ್ ಸಂದೇಶದಲ್ಲಿ ಬರುವ ಮುಂಗಡ ಹಣದ ಮೋಸವೂ ಇಂಥದೇ ಒಂದು ಬಾವಿ. ನಿಮಗೆ ಲಕ್ಷಗಟ್ಟಲೆ ಹಣ ಬರುವುದಿದೆ, ಅದು ಕೈಸೇರಲು ಮೊದಲು ಇಷ್ಟು ಸಾವಿರ ಕಟ್ಟಿ ಎನ್ನುತ್ತಾರೆ. ಕಟ್ಟಿದರೆ ಇನ್ನೊಂದು ಅಡಚಣೆ, ಅದಕ್ಕೆ ಇನ್ನಷ್ಟು. ಲಾಟರಿ ಎನ್ನಿ, ಸತ್ತ ಶ್ರೀಮಂತನ ಆಸ್ತಿ ಎನ್ನಿ, ಸಾಲದ ಮಂಜೂರಾತಿ ಎನ್ನಿ, ಮೇಲಿನ ಹೊದಿಕೆ ಯಾವುದಾದರೂ ಒಳಗಿನ ಲೆಕ್ಕ ಒಂದೇ. ಇದರ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತಲೇ ಇದೆ, ಬ್ಯಾಂಕುಗಳು ಗೋಡೆಗೆ ಅಂಟಿಸಿವೆ, ಪೊಲೀಸರು ಸಾರಿ ಸಾರಿ ಹೇಳಿದ್ದಾರೆ. ಆದರೂ ಜನ ಬೀಳುತ್ತಲೇ ಇದ್ದಾರೆ. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ಆಸೆಬುರುಕರು, ಓದುಬರಹ ಇಲ್ಲದವರು, ದಡ್ಡರು. ನಾನೂ 2017ರ ಬೇಸಿಗೆಯವರೆಗೆ ಅರಳಿಕಟ್ಟೆಯ ಮೇಲೆ ಕುಳಿತು ಹಾಗೆಯೇ ಹೇಳುತ್ತಿದ್ದೆ.

ಟವರ್ ಬಂದ ಬೇಸಿಗೆ

ಕೆರೆಬಿಳಚಿ ಎಂದರೆ ಸೂಳೆಕೆರೆಯ ಮಗ್ಗುಲ ಊರು. ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಊರಿನವರಿಗೆ ನೀರಿಗೇನು ಬರ ಎಂದು ಹೊರಗಿನವರು ಕೇಳುವುದುಂಟು. ಆದರೆ ಕೆರೆ ಕಾಣುವ ಹೊಲಕ್ಕೆಲ್ಲ ಕೆರೆಯ ನೀರು ಏರುವುದಿಲ್ಲ. 2016ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಕೊಟ್ಟವು. ಮೇಲಿನ ಮಸಾರಿ ಹೊಲದಲ್ಲಿ ಹಾಕಿದ್ದ ಎರಡೆಕರೆ ಎಳೆ ಅಡಿಕೆಯನ್ನು ಉಳಿಸಿಕೊಳ್ಳಲು ಕೊರೆಸಿದ ಬಾವಿ 640 ಅಡಿಗೂ ಧೂಳೆಬ್ಬಿಸಿತೇ ಹೊರತು ನೀರು ತೋರಿಸಲಿಲ್ಲ. ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಿದ್ದೆ. ಕೈಸಾಲ ಬೆಳೆಯುತ್ತಿತ್ತು. ಆ ಹೊತ್ತಿನಲ್ಲಿ ಮೊಬೈಲಿಗೊಂದು ಸಂದೇಶ ಬಂತು. ನಿಮ್ಮ ಜಮೀನಿನಲ್ಲಿ ಟವರ್ ಹಾಕಿಸಿಕೊಳ್ಳಿ. 25 ಲಕ್ಷ ರೂಪಾಯಿ ಠೇವಣಿ, ತಿಂಗಳಿಗೆ 30 ಸಾವಿರ ಬಾಡಿಗೆ, ಮನೆಯ ಒಬ್ಬರಿಗೆ ಕಾವಲಿನ ಕೆಲಸ.

ನೀರಿಲ್ಲದ ಹೊಲಕ್ಕೆ ಇದಕ್ಕಿಂತ ಒಳ್ಳೆಯ ಬೆಳೆ ಯಾವುದು ಎಂದು ನನಗೆ ಅನ್ನಿಸಿದ್ದು ನಿಜ. ಸಂದೇಶದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ವ್ಯಕ್ತಿ ಮರ್ಯಾದೆಯಿಂದ ಮಾತನಾಡಿದ. ಪಹಣಿ, ಹೊಲದ ಚಕ್ಕುಬಂದಿ, ಆಧಾರ್, ಒಂದು ಫೋಟೊ ಇಷ್ಟನ್ನು ಇ-ಮೇಲ್ ಮಾಡಲು ಹೇಳಿದ. ಇ-ಮೇಲ್ ಇದ್ದದ್ದು ಅಣ್ಣನ ಮಗನಿಗೆ. ಅವನ ಕೈಲಿ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ನಿಮ್ಮ ಜಾಗವನ್ನು ಉಪಗ್ರಹದ ಮೂಲಕ ಪರೀಕ್ಷಿಸಲಾಗಿದೆ, ಆಯ್ಕೆಯಾಗಿದೆ. ಕಾಗದದ ನೆತ್ತಿಯ ಮೇಲೆ ಮೂರು ಸಿಂಹದ ಮುದ್ರೆ, ಕೆಳಗೆ ಎರಡು ದುಂಡು ಮೊಹರು, ನಡುವೆ ನನ್ನ ಹೆಸರು ಮತ್ತು ಸರ್ವೆ ನಂಬರು. ಸರ್ವೆ ನಂಬರನ್ನು ಕೊಟ್ಟವನು ನಾನೇ. ಆದರೆ ಮೊಹರು ಬಿದ್ದ ಕಾಗದದಲ್ಲಿ ಅದು ತಿರುಗಿ ಬಂದಾಗ ಸರ್ಕಾರವೇ ನನ್ನ ಹೊಲವನ್ನು ಗುರುತಿಸಿದ ಹಾಗೆ ಕಂಡಿತು.

ನೋಂದಣಿಗೆ ರೂ. 2,550 ಕಟ್ಟಬೇಕಿತ್ತು. 25 ಲಕ್ಷದ ಮುಂದೆ ಅದೇನು ಮಹಾ? ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಕಟ್ಟಿ ಬಂದೆ. ಖಾತೆ ಯಾವುದೋ ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ಕೇಳಿದ್ದಕ್ಕೆ, ಅವರು ನಮ್ಮ ಕ್ಯಾಷಿಯರ್ ಎಂದರು. ವಾರ ಕಳೆದ ಮೇಲೆ ಕರಾರು ಪತ್ರ ಬಂತು, ಅದರ ಛಾಪಾ ಕಾಗದಕ್ಕೂ ವಕೀಲರ ಶುಲ್ಕಕ್ಕೂ ಸೇರಿ ರೂ. 16,800. ಇದನ್ನು ಕಟ್ಟುವಾಗ ಮನಸ್ಸು ಅಳುಕಿತು. ಆದರೆ ಮೊದಲಿನ ಎರಡೂವರೆ ಸಾವಿರ ಆಗಲೇ ಬಾವಿಯೊಳಗೆ ಇಳಿದಿತ್ತು. ಅದನ್ನೂ ಕಟ್ಟಿದೆ. ಜೊತೆಗೆ ಒಂದು ಎಚ್ಚರಿಕೆಯ ಮಾತನ್ನೂ ಅವನು ಹೇಳಿದ್ದ: "ಯಾರಿಗೂ ಹೇಳಬೇಡಿ ಸಾರ್, ಪಕ್ಕದ ಹೊಲದವರು ಅರ್ಜಿ ಹಾಕಿದರೆ ನಿಮಗೆ ತಪ್ಪಿ ಹೋಗುತ್ತೆ." ಹಳ್ಳಿಯ ಸಂಗತಿಯನ್ನು ಅವನು ಎಷ್ಟು ಚೆನ್ನಾಗಿ ತಿಳಿದಿದ್ದ ನೋಡಿ. ಬದುವಿನ ಆಚೆಯವನಿಗೆ ಲಾಭವಾಗಬಾರದು ಎಂಬ ಒಂದು ಸಣ್ಣ ಬುದ್ಧಿ ನಮ್ಮಲ್ಲಿ ಇದ್ದೇ ಇರುತ್ತದಲ್ಲ, ಅದಕ್ಕೇ ಅವನು ಬೀಗ ಹಾಕಿದ್ದ. ಅಣ್ಣನ ಮಗನಿಗೂ ಬಾಯಿ ಬಿಡಬೇಡವೆಂದು ನಾನೇ ಹೇಳಿದೆ.

ಮೂರನೆಯ ಸಲ ಕೇಳಿದ್ದು ಟವರಿನ ವಿಮೆಗೆಂದು ರೂ. 38,000. ಹಿಂತಿರುಗಿಸಲಾಗುವ ಮೊತ್ತ ಎಂದು ದಪ್ಪ ಅಕ್ಷರದಲ್ಲಿತ್ತು. ಕೈಯಲ್ಲಿ ಅಷ್ಟಿರಲಿಲ್ಲ. ಮನೆಯಾಕೆಯ ಬಳೆಗಳನ್ನು ಅಡವಿಡುವುದೊಂದೇ ದಾರಿ. ಆಗ ವಿಷಯ ಹೇಳಲೇಬೇಕಾಯಿತು. ಅವಳು ಸಿಂಹದ ಮುದ್ರೆಯ ಕಡೆಗೆ ನೋಡಲೂ ಇಲ್ಲ. "ತೋಟ ಖೇಣಿ ಹಿಡಿಯೋನು ನಮಗೆ ಅಡ್ವಾನ್ಸ್ ಕೊಡ್ತಾನೆ. ಇವನೂ ನಮ್ಮ ಹೊಲ ಬಾಡಿಗೆ ಹಿಡಿಯೋನೇ ಅಲ್ವಾ? ಹಂಗಿದ್ಮೇಲೆ ನಾವ್ಯಾಕ್ರೀ ಕೊಡಬೇಕು?" ಎಂದಳು.

ಚನ್ನಗಿರಿ ಸೀಮೆಯಲ್ಲಿ ಅಡಿಕೆ ತೋಟವುಳ್ಳ ಯಾರಿಗೂ ಗೊತ್ತಿರುವ ವ್ಯವಹಾರ ಇದು. ಮರದ ಮೇಲಿರುವ ಫಸಲನ್ನು ನೋಡಿ ಖೇಣಿದಾರ ಮುಂಗಡ ಕೊಡುತ್ತಾನೆ, ಕೊನೆ ಇಳಿಸಿಕೊಂಡು ಹೋಗುತ್ತಾನೆ. ಪಡೆಯುವವನು ಮುಂಗಡ ಕೊಡುವುದು ವಾಡಿಕೆ. ಇಪ್ಪತ್ತು ವರ್ಷದಿಂದ ನಾನೇ ಮಾಡಿಕೊಂಡು ಬಂದ ವ್ಯವಹಾರವನ್ನು ನನಗೆ ನೆನಪಿಸಲು ಒಬ್ಬರು ಬೇಕಾದರು. ಹೋದದ್ದು ರೂ. 19,350. ಬಳೆ ಉಳಿಯಿತು.

ಆಮೇಲೆ ತಿಳಿದುಕೊಂಡೆ. ದೂರಸಂಪರ್ಕ ಇಲಾಖೆಯಾಗಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆಗಲಿ ಟವರಿಗೆ ಜಾಗ ಹಿಡಿಯುವ ವ್ಯವಹಾರದಲ್ಲಿ ನೇರವಾಗಿಯಾಗಲಿ ಬಳಸಾಗಿಯಾಗಲಿ ಸೇರಿಲ್ಲ, ಅದಕ್ಕಾಗಿ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ಕೊಡುವುದೂ ಇಲ್ಲ, ಟವರ್ ಹಾಕುವ ಕಂಪನಿಗಳು ಜಮೀನಿನವನಿಂದ ಮುಂಗಡ ಕೇಳುವುದಿಲ್ಲ ಎಂದು ಪ್ರಕಟಣೆಗಳೇ ಬಂದಿದ್ದವು. ಪತ್ರಿಕೆಯಲ್ಲಿ ಅವು ನನ್ನ ಕಣ್ಣಿಗೆ ಬಿದ್ದೂ ಇರಬಹುದು. ಬಾವಿ ಒಣಗುವ ಮೊದಲು ಅದನ್ನು ಓದುವ ಅಗತ್ಯ ನನಗಿರಲಿಲ್ಲ.

ಹಳೆಯ ಕಾಗದ, ಹೊಸ ಅಂಚೆ

ಇ-ಮೇಲ್ ಬಂದ ಮೇಲೆ ಈ ಮೋಸ ಹುಟ್ಟಿತೆಂದು ಭಾವಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಅನುಕೂಲಸ್ಥರಿಗೆ ಅಂಚೆಯಲ್ಲಿ ಕಾಗದಗಳು ಬರುತ್ತಿದ್ದವು. ಸ್ಪೇನ್ ದೇಶದ ಸೆರೆಮನೆಯಲ್ಲಿ ಒಬ್ಬ ಸಿರಿವಂತ ಸಿಕ್ಕಿಬಿದ್ದಿದ್ದಾನೆ, ಅವನ ನಿಧಿ ಒಂದು ಕಡೆ ಇದೆ, ಬಿಡಿಸಲು ಸ್ವಲ್ಪ ಹಣ ಕಳಿಸಿದರೆ ನಿಧಿಯಲ್ಲಿ ಪಾಲು ಎಂದು ಅದರಲ್ಲಿ ಬರೆದಿರುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1898ರಲ್ಲಿಯೇ ಇದನ್ನು ಹಳೆಯ ಮೋಸವೆಂದು ಬರೆದಿತ್ತು. 1980ರ ದಶಕದಲ್ಲಿ ಇದೇ ಕಾಗದ ನೈಜೀರಿಯಾದಿಂದ ಅಂಚೆಯಲ್ಲಿ ಹೊರಟಿತು, ಫ್ಯಾಕ್ಸಿನಲ್ಲಿ ಹೋಯಿತು, ಇ-ಮೇಲ್ ಬಂದ ಮೇಲೆ ಅಂಚೆಚೀಟಿಯ ಖರ್ಚೂ ಉಳಿದು ಲೋಕವೆಲ್ಲ ಹರಡಿತು. ನೈಜೀರಿಯಾದ ದಂಡಸಂಹಿತೆಯಲ್ಲಿ ವಂಚನೆಗೆ 419ನೆಯ ಕಲಮು ಇರುವುದರಿಂದ ಈ ಮೋಸಕ್ಕೆ 419 ಎಂದೇ ಹೆಸರಾಯಿತು. ನಮ್ಮಲ್ಲಿ 420 ಎಂದರೆ ಹಳ್ಳಿಯ ಮಗುವಿಗೂ ಗೊತ್ತು. ಒಂದೇ ಅಂಕಿಯ ಅಂತರ. (2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆ 318ನೆಯ ಕಲಮಾಗಿದೆ. ಆದರೆ ಜನರ ಬಾಯಲ್ಲಿ ನಾನೂರ ಇಪ್ಪತ್ತು ಅಷ್ಟು ಬೇಗ ಬದಲಾಗಲಾರದು.)

ಓದುಬರಹ ಇಲ್ಲದವರು ಮಾತ್ರ ಬೀಳುತ್ತಾರೆ ಎನ್ನುವವರು ಬ್ರೆಜಿಲ್ ದೇಶದ ಬಾಂಕೊ ನೊರೊಯೆಸ್ಟೆ ಎಂಬ ಬ್ಯಾಂಕಿನ ಕಥೆಯನ್ನು ಕೇಳಬೇಕು. 1995ರಿಂದ 1998ರವರೆಗೆ ಈ ಬ್ಯಾಂಕಿನಿಂದ 24 ಕೋಟಿ 20 ಲಕ್ಷ ಡಾಲರ್ ಹೊರಗೆ ಹರಿದು ಹೋಯಿತು. ಕಳಿಸಿದವನು ಬ್ಯಾಂಕಿನದೇ ಹಿರಿಯ ಅಧಿಕಾರಿ. ನೈಜೀರಿಯಾದ ಅಬುಜ ನಗರದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುತ್ತಾರೆ, ಅದಕ್ಕೆ ಹಣ ಹೂಡಿದರೆ ದೊಡ್ಡ ಕಮಿಷನ್ ಸಿಗುತ್ತದೆ ಎಂದು ಅವನನ್ನು ನಂಬಿಸಿದ್ದರು. ಅಂಥ ನಿಲ್ದಾಣವೇ ಇರಲಿಲ್ಲ. ಆ ದೇಶದ ಕೇಂದ್ರ ಬ್ಯಾಂಕಿನ ಗವರ್ನರ್ ತಾನೇ ಎಂದು ಹೇಳಿಕೊಂಡು ನಂಬಿಸಿದ ಇಮ್ಯಾನ್ಯುಯೆಲ್ ನ್ವುಡೆ ಎಂಬಾತನಿಗೆ 2005ರಲ್ಲಿ ಅಲ್ಲಿಯ ನ್ಯಾಯಾಲಯ ಶಿಕ್ಷೆ ವಿಧಿಸಿತು. ದಿನವೂ ಕೋಟಿಗಳ ಲೆಕ್ಕ ನೋಡುವ ಬ್ಯಾಂಕಿನವನೇ ಮೂರು ವರ್ಷ ಬಾವಿ ಕೊರೆಸಿದ್ದಾನೆ. ನನ್ನ 19,350 ಯಾವ ಲೆಕ್ಕ ಎಂದು ಸಮಾಧಾನ ಮಾಡಿಕೊಂಡದ್ದುಂಟು. ಆದರೆ ಅವನು ಕಳೆದದ್ದು ಬ್ಯಾಂಕಿನ ಹಣ, ನಾನು ಕಳೆದದ್ದು ಟ್ಯಾಂಕರಿನ ಹಣ.

ನಮ್ಮ ದೇಶದಲ್ಲಿ ಈ ಕಾಗದ ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸಿಕೊಂಡಿತು. ವಿದೇಶದಿಂದ ನಿಮಗೆ ಬಂದ ಬಹುಮಾನದ ಹಣ ನಮ್ಮಲ್ಲಿದೆ, ಬಿಡಿಸಿಕೊಳ್ಳಲು ಶುಲ್ಕ ಕಟ್ಟಿ ಎಂಬ ಇ-ಮೇಲ್‌ಗಳವು. ರಿಸರ್ವ್ ಬ್ಯಾಂಕು ನಿಮ್ಮ ನಮ್ಮಂಥವರ ಹೆಸರಿನಲ್ಲಿ ಖಾತೆ ಇಡುವುದಿಲ್ಲ, ಬಹುಮಾನದ ಹಣವನ್ನು ಹಂಚುವುದೂ ಇಲ್ಲ. ವಿದೇಶಿ ಲಾಟರಿಗಾಗಿ ಹಣ ಕಳಿಸುವುದು 1999ರ ವಿದೇಶಿ ವಿನಿಮಯ ಕಾಯಿದೆಯಂತೆ ನಿಷಿದ್ಧವೆಂದು 2010ರಲ್ಲಿಯೂ ಅದು ಬ್ಯಾಂಕುಗಳಿಗೆ ತಿಳಿಸಿತ್ತು. ಆಮೇಲೆ ವಾಟ್ಸಾಪ್ ಬಂತು. 'ಕೌನ್ ಬನೇಗಾ ಕರೋಡ್‌ಪತಿ'ಯ ಹೆಸರಿನಲ್ಲಿ 25 ಲಕ್ಷದ ಲಾಟರಿ ಹೊಡೆದಿದೆ ಎಂಬ ಧ್ವನಿಸಂದೇಶ ಹಳ್ಳಿ ಹಳ್ಳಿಗೂ ತಲುಪಿತು. ಕರ್ನಾಟಕದಲ್ಲಿ 2007ರಲ್ಲಿಯೇ ಲಾಟರಿ ನಿಷೇಧವಾಯಿತು. ಅದಕ್ಕೆ ಮುಂಚೆ ಲಾಟರಿ ಹೊಡೆಯಬೇಕಾದರೆ ಟಿಕೆಟ್ಟನ್ನಾದರೂ ಕೊಳ್ಳಬೇಕಾಗಿತ್ತು.

ತೂರುವ ಗಾಳಿ

ಈ ಇ-ಮೇಲ್‌ಗಳನ್ನು ನೋಡಿದವರಿಗೆ ಒಂದು ಅನುಮಾನ ಬಂದಿರಲೇಬೇಕು. ಇಷ್ಟೊಂದು ಬುದ್ಧಿ ಖರ್ಚು ಮಾಡುವವರು ಕಾಗದವನ್ನು ಸ್ವಲ್ಪ ನಂಬುವ ಹಾಗೆ ಬರೆಯಬಾರದೇ? ನೈಜೀರಿಯಾ ಎಂದರೇ ಜನ ನಗುವಷ್ಟು ಹೆಸರು ಕೆಟ್ಟ ಮೇಲೂ ಅದೇ ನೈಜೀರಿಯಾ, ಅದೇ ತಪ್ಪು ತಪ್ಪು ಭಾಷೆ, ಅದೇ ಕೋಟಿಗಳು ಯಾಕೆ? ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕ ಕಾರ್ಮ್ಯಾಕ್ ಹರ್ಲಿ ಎಂಬುವರು 2012ರಲ್ಲಿ ಇದೇ ಪ್ರಶ್ನೆಯನ್ನಿಟ್ಟುಕೊಂಡು ಒಂದು ಲೇಖನ ಬರೆದರು. ಅವರ ತರ್ಕ ನಮ್ಮ ಕಣದಲ್ಲಿ ನಡೆಯುವ ಕೆಲಸವನ್ನು ಹೋಲುತ್ತದೆ.

ಕಾಗದ ಕಳಿಸುವುದಕ್ಕೆ ಖರ್ಚಿಲ್ಲ. ಖರ್ಚು ಇರುವುದು ಉತ್ತರ ಬರೆದವನ ಹಿಂದೆ ಬಿದ್ದು ದಿನಗಟ್ಟಲೆ ಮಾತನಾಡುವುದರಲ್ಲಿ. ನಂಬುವಂಥ ಕಾಗದ ಬರೆದರೆ ಸಾವಿರ ಜನ ಉತ್ತರ ಕೊಡುತ್ತಾರೆ, ಅವರಲ್ಲಿ ಹೆಚ್ಚಿನವರು ಹಣ ಕೇಳಿದ ಕೂಡಲೇ ಜಾರಿಕೊಳ್ಳುತ್ತಾರೆ. ವಂಚಕನ ಶ್ರಮವೆಲ್ಲ ನಷ್ಟ. ನಗು ಬರುವಂಥ ಕಾಗದ ಬರೆದರೆ ಅನುಮಾನದ ಜನ ಮೊದಲೇ ಹಾರಿ ಹೋಗುತ್ತಾರೆ. ಉತ್ತರ ಕೊಡುವವರು ಕೊನೆಯವರೆಗೂ ಬರುವಂಥವರು. ಗಾಳಿಗೆ ರಾಶಿ ತೂರಿದ ಹಾಗೆ. ಜೊಳ್ಳು ಹಾರುತ್ತದೆ, ಕಾಳು ಅವನ ಕಾಲ ಬಳಿಯೇ ಬೀಳುತ್ತದೆ.

ಕಾಗದ ನೋಡಿ ನಕ್ಕು ಅಳಿಸಿ ಹಾಕಿದವರು ತಾವು ಗೆದ್ದೆವು ಎಂದುಕೊಳ್ಳುತ್ತಾರೆ. ವಂಚಕನಿಗೆ ಬೇಕಾದದ್ದೂ ಅದೇ. ನಕ್ಕವರಿಗಾಗಿ ಆ ಕಾಗದ ಬರೆದದ್ದಲ್ಲ. ಬಾವಿ ಒಣಗಿದ ತಿಂಗಳು, ಮಗಳ ಮದುವೆ ಗೊತ್ತಾದ ವಾರ, ಸೊಸೈಟಿಯ ಸಾಲದ ನೋಟೀಸು ಬಂದ ದಿನ, ಇಂಥ ಹೊತ್ತಿನಲ್ಲಿ ಅದನ್ನು ಓದುವವನಿಗಾಗಿ ಬರೆದದ್ದು. ಇದೇ ಮನುಷ್ಯ ಬೇರೆ ದಿನ ಓದಿದ್ದರೆ ನಗುತ್ತಿದ್ದ.

ನಮ್ಮ ಕಡೆಯ ಬಂಗಾರದ ನಾಣ್ಯ

ದೂರದ ದೇಶಗಳ ಮಾತು ಬಿಡಿ. ದಾವಣಗೆರೆ ಸೀಮೆಗೇ ಹೆಸರು ತಂದಿಟ್ಟ ಒಂದು ಮೋಸವಿದೆ. ಚನ್ನಗಿರಿ, ಹೊನ್ನಾಳಿ, ಜಗಳೂರು, ಪಕ್ಕದ ಹರಪನಹಳ್ಳಿ ಕಡೆಯ ಠಾಣೆಗಳಲ್ಲಿ ನಕಲಿ ಬಂಗಾರದ ನಾಣ್ಯದ ದೂರುಗಳು ಮತ್ತೆ ಮತ್ತೆ ದಾಖಲಾಗಿವೆ. ಕಳೆದುಕೊಂಡವರು ಬಹುಮಟ್ಟಿಗೆ ಹೊರ ಊರಿನವರು, ಹೊರ ರಾಜ್ಯದವರೂ ಇದ್ದಾರೆ. ಹಳೇ ಮನೆಯ ಪಾಯ ಅಗೆಯುವಾಗ ಒಂದು ಬಿಂದಿಗೆ ಬಂಗಾರದ ನಾಣ್ಯ ಸಿಕ್ಕಿದೆ, ಪೇಟೆಯಲ್ಲಿ ಮಾರಲು ಭಯ, ನಿಮಗಾದರೆ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದು ಫೋನು ಬರುತ್ತದೆ. ಬಂದವನಿಗೆ ಒಂದೆರಡು ನಾಣ್ಯ ಕೊಟ್ಟು, ಅಕ್ಕಸಾಲಿಗನ ಹತ್ತಿರ ನೀವೇ ಪರೀಕ್ಷೆ ಮಾಡಿಸಿ ನೋಡಿ ಎನ್ನುತ್ತಾರೆ. ಅದು ಅಪ್ಪಟ ಬಂಗಾರವೇ. ಕೆಲವು ದಿನಗಳ ಮೇಲೆ ಆತ ಲಕ್ಷಗಟ್ಟಲೆ ಹಣ ಹಿಡಿದು ಬಂದಾಗ ಊರ ಹೊರಗೆ ಅವನ ಕೈಗೆ ಗಂಟು ಕೊಡುತ್ತಾರೆ. ಅದರಲ್ಲಿರುವುದು ಹಿತ್ತಾಳೆ.

ಇಲ್ಲಿ ನಿಜವಾದ ನಾಣ್ಯ ಒಂದಿತ್ತು ಎಂಬುದೇ ಮುಖ್ಯ ಸಂಗತಿ. ಸುಳ್ಳಿನ ಗಂಟಿನ ಬಾಯಲ್ಲಿ ಒಂದು ಸತ್ಯವನ್ನು ಇಟ್ಟಿರುತ್ತಾರೆ. ನನ್ನ ಕಾಗದದಲ್ಲಿದ್ದ ಸರ್ವೆ ನಂಬರು ಅಂಥ ನಾಣ್ಯ. ಈಗ ಮೊಬೈಲಿನಲ್ಲಿ ಮನೆಯಲ್ಲೇ ಕುಳಿತು ಮಾಡುವ ಕೆಲಸ ಎಂದು ಕರೆದು ಮೊದಲ ದಿನ ನೂರಿನ್ನೂರು ರೂಪಾಯಿಯನ್ನು ನಿಜವಾಗಿಯೂ ಖಾತೆಗೆ ಹಾಕಿ, ಆಮೇಲೆ ನೀವು ಹಣ ಹೂಡಿ ಎನ್ನುತ್ತಾರಲ್ಲ, ಆ ನೂರಿನ್ನೂರು ಕೂಡ ಅದೇ ನಾಣ್ಯ. ಇನ್ನೊಂದು ಹೋಲಿಕೆಯೂ ಇದೆ. ನಿಧಿ ಕೊಳ್ಳಲು ಬಂದವನಿಗೆ ತಾನು ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿರುತ್ತದೆ. ಆದ್ದರಿಂದ ಹೋಗುವಾಗ ಯಾರನ್ನೂ ಕೇಳುವುದಿಲ್ಲ, ಮೋಸವಾದ ಮೇಲೆ ಠಾಣೆ ಹತ್ತಲು ಹೆದರುತ್ತಾನೆ. ಗುಟ್ಟು ಎಂಬುದು ಈ ಬೆಳೆಗೆ ಹಾಕುವ ಗೊಬ್ಬರ.

ಕಚೇರಿಯ ನಕಲು

ಆದರೆ ನನ್ನಂಥವರು ಬೀಳುವುದಕ್ಕೆ ಇನ್ನೊಂದು ಕಾರಣವಿದೆ. ಇದನ್ನು ಪೇಟೆಯವರು ಅಷ್ಟಾಗಿ ಗಮನಿಸಿಲ್ಲ. ಮೊದಲು ಕಟ್ಟು, ಆಮೇಲೆ ಕಾಯಿ ಎಂಬುದು ರೈತನ ಪಾಲಿಗೆ ಹೊಸ ಮಾತಲ್ಲ. ಪಂಪ್‌ಸೆಟ್ಟಿನ ಸಂಪರ್ಕ ಸಕ್ರಮಕ್ಕೆ ಹಣ ಕಟ್ಟಿ ಟ್ರಾನ್ಸ್‌ಫಾರ್ಮರಿಗಾಗಿ ವರ್ಷಗಟ್ಟಲೆ ಕಾದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಹನಿ ನೀರಾವರಿಗೆ ರೈತನ ವಂತಿಗೆ ಮೊದಲು. ಸೊಸೈಟಿಯ ಸಾಲಕ್ಕೆ ಷೇರು ಹಣ ಮೊದಲು. ಹದ್ದುಬಸ್ತಿಗೆ ಶುಲ್ಕ ಮೊದಲು, ಸರ್ವೆಯವರು ಬರುವುದು ಯಾವಾಗಲೋ. ಕಾಗದ ಅರ್ಥವಾಗದ ಇಂಗ್ಲಿಷಿನಲ್ಲಿರುತ್ತದೆ, ಮೊಹರು ಇರುತ್ತದೆ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದಂತೆಲ್ಲ ಇನ್ನೊಂದು ದಾಖಲೆ, ಇನ್ನೊಂದು ಖರ್ಚು. ರಶೀದಿ ಇಲ್ಲದ ಖರ್ಚೂ ಅದರಲ್ಲಿ ಸೇರಿರುತ್ತದೆ, ಹೇಳುವವರು ಹೇಳುವುದಿಲ್ಲ ಅಷ್ಟೆ. ವಂಚಕ ಹೊಸದೇನನ್ನೂ ಹುಟ್ಟಿಸಲಿಲ್ಲ. ನಮಗೆ ರೂಢಿಯಾಗಿದ್ದ ನಡೆಯನ್ನೇ ನಕಲು ಮಾಡಿದ. ಒಂದೇ ವ್ಯತ್ಯಾಸವೆಂದರೆ ಅವನು ಫೋನ್ ಎತ್ತುತ್ತಿದ್ದ, ಸಾರ್ ಎನ್ನುತ್ತಿದ್ದ.

ಸೌರ ಪಂಪ್‌ಸೆಟ್ಟಿನ ಕುಸುಮ್ ಯೋಜನೆಯನ್ನೇ ನೋಡಿ. ಇದು ನಿಜವಾದ ಯೋಜನೆ. ಕುಸುಮ್-ಬಿ ಅಡಿಯಲ್ಲಿ ಕೇಂದ್ರ ಶೇ. 30, ರಾಜ್ಯ ಸರ್ಕಾರ ಶೇ. 50 ಕೊಟ್ಟು ಉಳಿದ ಶೇ. 20ನ್ನು ರೈತ ಭರಿಸಬೇಕೆಂದು ನಮ್ಮ ರಾಜ್ಯದಲ್ಲಿ ನಿಗದಿಯಾಯಿತು. ಅಂದರೆ ಇಲ್ಲಿಯೂ ರೈತ ಹಣ ಕಟ್ಟಲೇಬೇಕು. ಈ ಯೋಜನೆಯ ಹೆಸರಿನಲ್ಲಿ ನಕಲಿ ಜಾಲತಾಣಗಳು ಹುಟ್ಟಿ ನೋಂದಣಿ ಶುಲ್ಕ ವಸೂಲಿ ಮಾಡತೊಡಗಿದಾಗ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹಲವು ಸಲ ಎಚ್ಚರಿಕೆ ಹೊರಡಿಸಬೇಕಾಯಿತು. ಯಾರಿಗೂ ಮುಂಗಡ ಕಟ್ಟಬೇಡಿ ಎಂದು ರೈತನಿಗೆ ಸುಮ್ಮನೆ ಹೇಳುವುದರಿಂದ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ. ಕಟ್ಟದಿದ್ದರೆ ಸಿಗಬೇಕಾದದ್ದೂ ಸಿಗುವುದಿಲ್ಲ.

ಹಾಗಾದರೆ ನಿಜ ಯಾವುದು, ನಕಲಿ ಯಾವುದು ಎಂದು ತಿಳಿಯುವ ಬಗೆ? ನಾನು ಈಗ ನೋಡುವುದು ಮೂರು ಸಂಗತಿ. ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದು ಒಂದು. ಇಲಾಖೆಗೆ ಕಟ್ಟುವ ಹಣ ಯಾವ ಕ್ಯಾಷಿಯರನ ಸ್ವಂತ ಖಾತೆಗೂ, ಯಾರ ಫೋನ್ ನಂಬರಿಗೂ ಹೋಗುವುದಿಲ್ಲ. ಎರಡನೆಯದು, ಈ ಕಾಗದವನ್ನು ಹಿಡಿದು ನಾನು ಹೋಗಿ ನಿಲ್ಲಬಹುದಾದ ಬಾಗಿಲು ಯಾವುದು ಎಂಬುದು. ಬೆಸ್ಕಾಂ ಕಚೇರಿಯಾಗಲಿ ರೈತ ಸಂಪರ್ಕ ಕೇಂದ್ರವಾಗಲಿ ಚನ್ನಗಿರಿಯ ಬಸ್ಸು ಹತ್ತಿದರೆ ಸಿಗುತ್ತದೆ. ಎಷ್ಟೇ ತಡ ಮಾಡಲಿ, ಅಲ್ಲಿ ಕುರ್ಚಿಯ ಮೇಲೆ ಒಬ್ಬ ಮನುಷ್ಯ ಇರುತ್ತಾನೆ. ನನ್ನ ಟವರಿನ ಕಂಪನಿಗೆ ಇದ್ದದ್ದು ಫೋನ್ ನಂಬರು ಮಾತ್ರ. ಮೂರನೆಯದು, ಇದನ್ನು ಯಾರಿಗೂ ಹೇಳಬೇಡ ಎಂದರೋ ಇಲ್ಲವೋ ಎಂಬುದು. ಸರ್ಕಾರದ ಯಾವ ಯೋಜನೆಯೂ ಹೆಂಡತಿಗೆ ಹೇಳಬೇಡ ಎಂದು ಷರತ್ತು ಹಾಕಿದ್ದನ್ನು ನಾನು ಕಂಡಿಲ್ಲ. ಮುರ್ರಾ ಎಮ್ಮೆಯನ್ನು ವಿಡಿಯೋದಲ್ಲಿ ತೋರಿಸಿ ಸಾಗಾಣಿಕೆಗೆ ಮೊದಲು ಹಣ ಹಾಕಿ ಎನ್ನುವವರಿಗೂ ಈ ಒರೆಗಲ್ಲು ಸಾಕು. ಎಮ್ಮೆಯ ಕೆಚ್ಚಲು ಮುಟ್ಟಿ ನೋಡದೆ ನಮ್ಮ ಹಿರಿಯರು ಸಂತೆಯಲ್ಲಿ ಟವೆಲಿನ ಕೆಳಗೆ ಕೈ ಹಾಕುತ್ತಿರಲಿಲ್ಲ.

ಹಣ ಹೋದ ಮೇಲೆ

2017ರಲ್ಲಿ ನಾನು ಏನೂ ಮಾಡಲಿಲ್ಲ. ನಾಚಿಕೆ. ಊರಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವವನು ಎನಿಸಿಕೊಂಡಿದ್ದೆ. ಠಾಣೆಗೆ ಹೋದರೆ ಸಂಜೆಯೊಳಗೆ ಹೋಟೆಲಿನಲ್ಲಿ ಮಾತಾಗುತ್ತದೆ. ಹೀಗೆ ಎಷ್ಟು ಮಂದಿ ಬಾಯಿ ಮುಚ್ಚಿಕೊಂಡಿದ್ದಾರೋ. ನಾವು ಸುಮ್ಮನಿದ್ದಷ್ಟೂ, ಬೀಳುವವರು ಎಲ್ಲೋ ಬೇರೆ ಊರಿನ ದಡ್ಡರು ಎಂಬ ನಂಬಿಕೆ ಊರಿನಲ್ಲಿ ಉಳಿಯುತ್ತದೆ. ಮುಂದಿನವನು ಅದೇ ನಂಬಿಕೆಯಿಂದ ಬೀಳುತ್ತಾನೆ.

ಈಗ ಒಂದು ಅನುಕೂಲವಾಗಿದೆ. 2021ರಲ್ಲಿ ಬೇರೆ ಸಂಖ್ಯೆಯಲ್ಲಿ ಶುರುವಾದ ಸಹಾಯವಾಣಿ ಈಗ 1930. ಹಣ ಹೋಯಿತೆಂದು ತಿಳಿದ ಕೂಡಲೇ, ಒಂದು ಗಳಿಗೆಯನ್ನೂ ಕಳೆಯದೆ ಈ ಸಂಖ್ಯೆಗೆ ಕರೆ ಮಾಡಬೇಕು. ಯಾವ ಖಾತೆಯಿಂದ ಎಷ್ಟು ಹಣ ಯಾವಾಗ ಹೋಯಿತು, ವ್ಯವಹಾರದ ಸಂಖ್ಯೆ ಏನು ಎಂಬುದು ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಿರುತ್ತದೆ. ಅದನ್ನು ತೆಗೆದುಕೊಳ್ಳುವುದರೊಳಗೆ ದೂರು ತಲುಪಿದರೆ ಬ್ಯಾಂಕು ತಡೆಹಿಡಿಯಬಹುದು. ಕಾಲುವೆಯ ತೂಬು ಮುಚ್ಚಿದ ಹಾಗೆ. ನೀರು ಗದ್ದೆ ದಾಟಿ ಹಳ್ಳ ಸೇರಿದ ಮೇಲೆ ತೂಬು ಮುಚ್ಚಿ ಫಲವಿಲ್ಲ. ಆಮೇಲೆ ಹತ್ತಿರದ ಠಾಣೆಗೋ ದಾವಣಗೆರೆಯ ಸಿಇಎನ್ ಠಾಣೆಗೋ ಹೋಗಿ ದೂರು ಬರೆದುಕೊಡಬೇಕು. ಇಲ್ಲಿಯೇ ಹುಡುಗರಿಗೂ ಒಂದು ಮಾತು. ತಿಂಗಳಿಗೆ ಇಷ್ಟು ಕೊಡುತ್ತೇವೆ, ನಿಮ್ಮ ಬ್ಯಾಂಕ್ ಖಾತೆ ಮತ್ತು ಎಟಿಎಂ ಕಾರ್ಡು ಬಾಡಿಗೆಗೆ ಕೊಡಿ ಎಂದು ಕೇಳುವವರು ಹಳ್ಳಿಗೂ ಬಂದಿದ್ದಾರೆ. ನನ್ನಂಥವನ ಹಣ ಹಾರಿ ಹೋಗುವುದು ಅಂಥ ಖಾತೆಗಳ ಮೂಲಕವೇ. ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ಮೂರನೆಯ ಕಂತು ಕಟ್ಟುವುದಿಲ್ಲ ಎಂದಾಗ ನನಗೆ ಬೆದರಿಕೆ ಬಂತು. ಕರಾರು ಮುರಿದಿದ್ದೀರಿ, ದಂಡ ಕಟ್ಟಬೇಕು, ವಾರಂಟ್ ಬರುತ್ತದೆ ಎಂದರು. ಮಳೆ ಬಂತು, ವಾರಂಟ್ ಬರಲಿಲ್ಲ. ಒಂದೂವರೆ ವರ್ಷದ ಮೇಲೆ ಅಣ್ಣನ ಮಗನ ಇ-ಮೇಲಿಗೆ ಇನ್ನೊಂದು ಕಾಗದ ಬಂತು. ಟವರ್ ಮೋಸದಲ್ಲಿ ಹಣ ಕಳೆದುಕೊಂಡವರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಪೂರ್ತಿ ಹಣ ಬಡ್ಡಿಸಹಿತ ವಾಪಸು ಬರುತ್ತದೆ, ಕಡತದ ಶುಲ್ಕ ರೂ. 4,900 ಎಂದಿತ್ತು. ಒಮ್ಮೆ ಕಾಳೆಂದು ತೂರಿ ಬಿದ್ದವನನ್ನು ಅವರು ಮತ್ತೆ ಮೊರಕ್ಕೆ ಹಾಕುತ್ತಾರೆ. ಸುಳ್ಳು ಹೇಳಿ ಏನು ಪ್ರಯೋಜನ, ಆ ಕಾಗದವನ್ನು ಓದಿದಾಗಲೂ ಒಂದು ಕ್ಷಣ ಎದೆ ಹಾರಿತು. ಸಾಯಂಕಾಲದವರೆಗೆ ಅದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಆ ಕಾಗದಗಳೆಲ್ಲ ಟ್ರಂಕಿನಲ್ಲಿ, ಪಹಣಿ ಪತ್ರಗಳ ಪಕ್ಕದಲ್ಲಿಯೇ ಇವೆ. ಎರಡು ವರ್ಷ ಯಾರಿಗೂ ತೋರಿಸಿರಲಿಲ್ಲ. ಒಂದು ದಿನ ಪಕ್ಕದ ಹೊಲದವರು, ಬದುವಿನ ವಿಚಾರಕ್ಕೆ ನನ್ನ ಜೊತೆ ಅಷ್ಟಾಗಿ ಮಾತಿಲ್ಲದವರು, ಒಂದು ಇಂಗ್ಲಿಷ್ ಕಾಗದ ಹಿಡಿದು ಓದಿ ಹೇಳಲು ಬಂದರು. ಮೇಲೆ ಮೂರು ಸಿಂಹ, ಕೆಳಗೆ ಎರಡು ದುಂಡು ಮೊಹರು. ನಾನು ಓದಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದು ನನ್ನ ಕಾಗದವನ್ನು ತಂದು ಅವರ ಕಾಗದದ ಪಕ್ಕ ಇಟ್ಟೆ. ಅವರು ಬಹಳ ಹೊತ್ತು ಎರಡನ್ನೂ ನೋಡಿದರು. ಆಮೇಲೆ, "ನೀವೆಷ್ಟು ಕಟ್ಟಿದ್ರಿ?" ಎಂದು ಕೇಳಿದರು. ಹೇಳಿದೆ. ಅವರು ಇನ್ನೂ ಮೊದಲ ಕಂತಿನಲ್ಲಿದ್ದರು.